ಸೊಂಟದ ತಿರುವಿಗೊಂದು ಕಾಟಾ

2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಗಾಲ್ಫ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ನಿಂತದ್ದು ನೆನಪಿದೆಯಲ್ಲ? ನಾಲ್ಕು ದಿನ ಆಡಿ, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಪಟಿಂಗ್‌ನಲ್ಲಿ ಅವರದು ಎತ್ತಿದ ಕೈ, ಆದರೆ ಮೊದಲ ಹೊಡೆತ ಉಳಿದವರಷ್ಟು ದೂರ ಹೋಗುತ್ತಿರಲಿಲ್ಲ. ಕೋವಿಡ್ ಬಂದುಹೋದ ಮೇಲೆ ಕಸುವು ಕುಂದಿತ್ತು ಅಂತ ಅವರೇ ಹೇಳಿದ್ದರು. ಈ ಕಸುವನ್ನು ಅಳೆಯೋದು ಹೇಗೆ ಅನ್ನೋದು ನಮ್ಮ ತಲೆ ಹೊಕ್ಕಿತು.

ಮೇಲೆತ್ತಿದ ಗಾಲ್ಫ್ ಕೋಲು ಇಳಿದು ಚೆಂಡಿಗೆ ತಾಗೋದಕ್ಕೆ ಹೆಚ್ಚುಕಡಿಮೆ ಕಾಲು ಸೆಕೆಂಡು. ಅಷ್ಟರಲ್ಲೇ ಕೋಲಿನ ತಲೆ, ವೃತ್ತಿಪರ ಮಹಿಳೆಯರಲ್ಲಿ, ಗಂಟೆಗೆ ಸುಮಾರು 150 ಕಿ.ಮೀ. ವೇಗ ಮುಟ್ಟುತ್ತದೆ. ಕಾಲು ನೆಲ ಒತ್ತುತ್ತದೆ, ಸೊಂಟ ಮೊದಲು ತಿರುಗುತ್ತದೆ, ಎದೆ ಆಮೇಲೆ, ಕೈ ಕೊನೆಗೆ. ಫಸ್ಟ್ ಇಯರ್‌ನಲ್ಲಿ ಓದಿದ್ದೇ: ಪವರ್ ಅಂದರೆ ಟಾರ್ಕ್ ಗುಣಿಸು ಕೋನೀಯ ವೇಗ. ಎರಡರಲ್ಲಿ ಯಾವುದು ಕಮ್ಮಿ ಅಂತ ತಿಳಿಯದೆ ಜಿಮ್ಮಿಗೆ ಹೋದರೆ ಬೆವರು ದಂಡ. ರಾಡಾರ್ ಇಟ್ಟರೆ ಕೋಲಿನ ವೇಗ ಸಿಗುತ್ತದೆ, ಆದರೆ ಅದರಲ್ಲಿ ಕಲಿತ ಕೌಶಲವೂ ಬೆರೆತಿರುತ್ತದೆ. ಬರೀ ಮೈಯ ಕಸುವು ನೋಡಲು ತರಬೇತುದಾರರು ಮೆಡಿಸಿನ್ ಬಾಲನ್ನು ಪಕ್ಕಕ್ಕೆ ನಿಂತು ಎಸೆಸುತ್ತಾರೆ.

ರಜೆಯಲ್ಲಿ ಶಿರಗುಪ್ಪಿಗೆ ಹೋದಾಗ ನಾವೂ ಇದನ್ನೇ ಮಾಡಿದೆವು. ಹಳೇ ಫುಟ್‌ಬಾಲ್‌ಗಳಿಗೆ ಉಸುಕು ತುಂಬಿ, ಕಿರಾಣಿ ಅಂಗಡಿಯಲ್ಲಿ ತೂಗಿ, ಒಂದು 2 ಕಿಲೋ, ಒಂದು 4 ಕಿಲೋ ಮಾಡಿಕೊಂಡೆವು. ಕಬ್ಬು ಕಡಿದ ಹೊಲದಲ್ಲಿ 2 ಮೀಟರ್ ಅಂತರದಲ್ಲಿ ಎರಡು ಕೋಲು ನೆಟ್ಟು, ಅಡ್ಡಲಾಗಿ ದೂರದಲ್ಲಿ ಮೊಬೈಲ್ ಇಟ್ಟೆವು, ಸೆಕೆಂಡಿಗೆ 240 ಫ್ರೇಮ್. ಚೆಂಡು ಕೋಲಿಂದ ಕೋಲಿಗೆ 60 ಫ್ರೇಮ್ ತಗೊಂಡರೆ ಕಾಲು ಸೆಕೆಂಡು, ಅಂದರೆ ಸೆಕೆಂಡಿಗೆ 8 ಮೀಟರ್. ಮೊದಲ ದಿನ ಕೋಲುಗಳನ್ನು ಚೆಂಡಿನ ದಾರಿಗಿಂತ ಹಿಂದೆ, ಕ್ಯಾಮೆರಾದಿಂದ ದೂರ ನೆಟ್ಟಿದ್ದೆವು. ಎಲ್ಲರೂ ಚಾಂಪಿಯನ್ನರ ಹಾಗೆ ಕಂಡರು! ಚೆಂಡು ಹೋಗುವ ಗೆರೆಯ ಮೇಲೇ ನೆಟ್ಟ ಮೇಲೆ ಸತ್ಯ ಹೊರಬಿತ್ತು.

ತಾಲೀಮಿನಲ್ಲಿ ಬೆಳೆದ ಪೈಲ್ವಾನ್ ಗೆಳೆಯ 4 ಕಿಲೋ ಚೆಂಡನ್ನು 6 ಮೀಟರ್ ವೇಗದಲ್ಲಿ ಎಸೆದ, 2 ಕಿಲೋವನ್ನು 7ರಲ್ಲಿ. ಭಾರ ಅರ್ಧ ಆದರೂ ವೇಗ ಒಂದೇ ಮೀಟರ್ ಏರಿತು. ಬಲ ಅದ, ಬಿರುಸು ಇಲ್ಲ. ವಾಲಿಬಾಲ್ ಆಡುವ ಸಣಕಲ ಗೆಳೆಯ 2 ಕಿಲೋದಲ್ಲಿ 8 ಮುಟ್ಟಿದ, 4 ಕಿಲೋದಲ್ಲಿ 5ಕ್ಕೆ ಇಳಿದ. ಬರೀ ಹಗುರ ಚೆಂಡು ಎಸೆಸಿದ್ದರೆ ಪೈಲ್ವಾನ್‌ಗೆ ಕಸುವೇ ಇಲ್ಲ ಅನ್ನುತ್ತಿದ್ದೆವು. ಅವನಿಗೆ ಬೇಕಾದ್ದು ಹಗುರ ಚೆಂಡಿನ ಬಿರುಸು ಎಸೆತ. ಸಣಕಲನಿಗೆ ಭಾರ ಎತ್ತುವ ಕೆಲಸ.

ಬದುವಿನ ಮೇಲೆ ಕೂತು ನೋಡುತ್ತಿದ್ದ ಕಾಕಾ ಪೈಲ್ವಾನ್‌ಗೆ ಅಂದರು: "ತಮ್ಮಾ, ಬರೇ ಕೈ ಬೀಸಾಕತ್ತಿ, ಸೊಂಟ ಎಲ್ಲಿ ತಿರಗತೈತಿ?" ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕೈ ಮುಂದೆ, ಸೊಂಟ ಹಿಂದೆ. ಅಷ್ಟು ಫ್ರೇಮ್ ಎಣಿಸಿದ ನಮ್ಮ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.