ಹಳೆಯ ಬೈಕಿನ ಟೈಮಿಂಗ್ ಚೈನ್: ತಾನೇ ಬಿಗಿಯಲೋ, ನಾವೇ ಬಿಗಿಯಬೇಕೋ?

ಹತ್ತಾರು ವರ್ಷ ಓಡಿದ ಫೋರ್‌ಸ್ಟ್ರೋಕ್ ಬೈಕನ್ನು ಬೆಳಗಿನ ತಂಪಿನಲ್ಲಿ ಚಾಲೂ ಮಾಡಿದಾಗ ಎಂಜಿನ್ನಿನ ಒಂದು ಪಕ್ಕದಿಂದ ಕಟಕಟ ಸದ್ದು ಬರುವುದನ್ನು ನೀವು ಕೇಳಿರಬಹುದು. ಮೆಕ್ಯಾನಿಕ್‌ಗಳು ಕಿವಿಗೊಟ್ಟು ಕೇಳಿ, ‘ಟೈಮಿಂಗ್ ಚೈನ್ ಸಡಿಲ, ಟೆನ್ಷನರ್ ಹೋಗಿದೆ’ ಎನ್ನುತ್ತಾರೆ. ಆಮೇಲೆ ಅಭಿಪ್ರಾಯಗಳು ಎರಡಾಗುತ್ತವೆ. ತಾನೇ ಬಿಗಿದುಕೊಳ್ಳುವ ಆಟೊಮ್ಯಾಟಿಕ್ ಟೆನ್ಷನರನ್ನೇ ಹೊಸದಾಗಿ ಹಾಕಿಸಿ ಎನ್ನುವವರು ಒಂದು ಕಡೆ. ಅದನ್ನು ತೆಗೆದು, ಕೈಯಿಂದ ತಿರುಗಿಸುವ ಮ್ಯಾನ್ಯುಯಲ್ ಟೆನ್ಷನರ್ ಹಾಕಿಸಿ ಎನ್ನುವವರು ಇನ್ನೊಂದು ಕಡೆ. ಯಾವ ಮಾತನ್ನು ಕೇಳಬೇಕು? ತೀರ್ಮಾನಕ್ಕೆ ಬರುವ ಮುನ್ನ ಈ ಚೈನ್ ಮಾಡುವ ಕೆಲಸವೇನು ಎಂಬುದನ್ನು ನೋಡೋಣ.

ಎಲ್ಲ ಬೈಕುಗಳಲ್ಲೂ ಇಲ್ಲ

ಇದು ಹಿಂದಿನ ಚಕ್ರವನ್ನು ತಿರುಗಿಸುವ ಚೈನ್ ಅಲ್ಲ. ಎಂಜಿನ್ನಿನ ಒಳಗೆ, ಎಣ್ಣೆಯಲ್ಲಿ ನೆನೆಯುತ್ತ ಓಡುವ ಸಣ್ಣ ಚೈನ್. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಅಥವಾ ಯಮಹಾ ಆರ್‌ಎಕ್ಸ್ 100ರಲ್ಲಿ ಇದನ್ನು ಹುಡುಕಬೇಡಿ. ಅವು ಟೂಸ್ಟ್ರೋಕ್ ಎಂಜಿನ್‌ಗಳು. ಅವುಗಳಲ್ಲಿ ಕ್ಯಾಮ್ ಇಲ್ಲ. ಹಳೆಯ ಬುಲೆಟ್ ಫೋರ್‌ಸ್ಟ್ರೋಕ್ ಆದರೂ ಅದರ ಕ್ಯಾಮ್‌ಗಳು ಕೆಳಗಿದ್ದು, ಹಲ್ಲುಚಕ್ರಗಳಿಂದ ತಿರುಗಿ, ಉದ್ದನೆಯ ಕಡ್ಡಿಗಳ ಮೂಲಕ ಕವಾಟಗಳನ್ನು ತೆರೆಯುತ್ತವೆ. ಆದರೆ ಆಗಿನ ಹೀರೋ ಹೋಂಡಾ ಕಂಪನಿ 1985ರಲ್ಲಿ ತಂದ ಸಿ.ಡಿ. 100, 1999ರ ಸಿ.ಬಿ.ಜೆಡ್., ಬಜಾಜ್ ಕಂಪನಿಯ 2001ರ ಪಲ್ಸರ್ ಮುಂತಾದವುಗಳಲ್ಲಿ ಕ್ಯಾಮ್ ಇರುವುದು ಎಂಜಿನ್ನಿನ ತಲೆಯಲ್ಲಿ. ಕೆಳಗಿನ ಕ್ರ್ಯಾಂಕ್ ದಂಡದಿಂದ ಮೇಲಿನ ಕ್ಯಾಮ್ ದಂಡಕ್ಕೆ ಚಲನೆಯನ್ನು ಒಯ್ಯುವುದೇ ಟೈಮಿಂಗ್ ಚೈನ್.

ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗಬೇಕು. ಆದ್ದರಿಂದ ಮೇಲಿನ ಹಲ್ಲುಚಕ್ರದಲ್ಲಿ ಕೆಳಗಿನದರ ಎರಡರಷ್ಟು ಹಲ್ಲುಗಳಿರುತ್ತವೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಕ್ಯಾಮ್ 3,000 ಸುತ್ತು ತಿರುಗುತ್ತದೆ. ಅಂದರೆ ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಕವಾಟ ದಾರಿ ಬಿಟ್ಟಿರಬೇಕು. ಈ ಹೊಂದಾಣಿಕೆಯನ್ನು ಕಾಯುವುದು ಆ ಸಣ್ಣ ಚೈನ್.

ಸಡಿಲವಾಗುವುದು ಏಕೆ?

ಚೈನ್ ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಗಳನ್ನು ಸೇರಿಸುವ ಪಿನ್ನುಗಳು ಮತ್ತು ಅವುಗಳ ಸುತ್ತಲಿನ ಬುಷ್‌ಗಳು ಸವೆಯುತ್ತವೆ. ಲೆಕ್ಕ ಹಾಕಿ ನೋಡಿ: 6.35 ಮಿ.ಮೀ. ಅಂತರದ 84 ಕೊಂಡಿಗಳ ಚೈನಿನ ಉದ್ದ 533.4 ಮಿ.ಮೀ. ಒಂದೊಂದು ಕೊಂಡಿಯಲ್ಲಿ ಕೇವಲ 0.02 ಮಿ.ಮೀ. ಸವೆದರೂ ಒಟ್ಟು ಉದ್ದ ಸುಮಾರು 1.7 ಮಿ.ಮೀ. ಹೆಚ್ಚುತ್ತದೆ.

ಕ್ರ್ಯಾಂಕ್ ಎಳೆಯುವ ಬದಿಯಲ್ಲಿ ಚೈನ್ ಬಿಗಿಯಾಗಿರುತ್ತದೆ, ಮರಳುವ ಬದಿಯಲ್ಲಿ ಸಡಿಲವಾಗಿರುತ್ತದೆ. ಈ ಸಡಿಲ ಬದಿಗೆ ಬಾಗಿದ ಒಂದು ಪಟ್ಟಿಯನ್ನು ಒತ್ತಿ ಹಿಡಿಯುವುದೇ ಟೆನ್ಷನರಿನ ಕೆಲಸ. ಅದೇನೂ ಸುಲಭದ್ದಲ್ಲ. ಕ್ಯಾಮಿನ ಉಬ್ಬು ಕವಾಟವನ್ನು ಒತ್ತುವಾಗ ಚೈನ್ ಎಳೆಯಬೇಕು. ಉಬ್ಬು ದಾಟಿದೊಡನೆ ಕವಾಟದ ಸ್ಪ್ರಿಂಗೇ ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ. ಆಗ ಸಡಿಲ ಬದಿ ಕ್ಷಣಕಾಲ ಬಿಗಿಯಾಗಿ, ಟೆನ್ಷನರನ್ನು ಹಿಂದಕ್ಕೆ ಒದೆಯುತ್ತದೆ. ಬರಿಯ ಸ್ಪ್ರಿಂಗ್ ಈ ಒದೆತಕ್ಕೆ ಹಿಂಜರಿಯುತ್ತದೆ. ಆದ್ದರಿಂದ ಟೆನ್ಷನರಿಗೆ ಮುಂದೆ ಹೋಗುವುದಷ್ಟೇ ಗೊತ್ತಿರಬೇಕು, ಹಿಂದೆ ಬರುವುದು ಗೊತ್ತಿರಬಾರದು.

ಹಲ್ಲು ಹಾರಿದರೆ?

ಮೇಲಿನ ಚಕ್ರದಲ್ಲಿ 28 ಹಲ್ಲುಗಳಿವೆ ಎನ್ನಿ. ಚೈನ್ ಒಂದು ಹಲ್ಲು ಹಾರಿದರೆ ಕ್ಯಾಮ್ 360ನ್ನು 28ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 12.9 ಡಿಗ್ರಿ ತಪ್ಪುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಸುಮಾರು 26 ಡಿಗ್ರಿ. ಎರಡು ಹಲ್ಲು ಹಾರಿದರೆ 51 ಡಿಗ್ರಿ. ಎಂಜಿನ್ನಿನ ರಚನೆಗೆ ಅನುಗುಣವಾಗಿ ಬೈಕು ಎಳೆಯದೆ ಸೊರಗಬಹುದು, ಇಲ್ಲವೇ ಪಿಸ್ಟನ್ ಕವಾಟಕ್ಕೆ ಬಡಿದು ಅದನ್ನು ಬಾಗಿಸಬಹುದು. ಸದ್ದನ್ನು ಅಲಕ್ಷಿಸಬಾರದು ಎನ್ನುವುದು ಈ ಕಾರಣಕ್ಕೆ.

ಎರಡು ಬಗೆಗಳು

ಆಟೊಮ್ಯಾಟಿಕ್ ಟೆನ್ಷನರಿನಲ್ಲಿ ಸಾಮಾನ್ಯವಾಗಿ ಎರಡು ಉಪಾಯಗಳಿವೆ. ಒಂದರಲ್ಲಿ ಸ್ಪ್ರಿಂಗ್ ತಳ್ಳುವ ದಂಡದ ಮೇಲೆ ಗರಗಸದಂಥ ಹಲ್ಲುಗಳಿದ್ದು, ಒಂದು ಕೊಕ್ಕೆ ಅದನ್ನು ಹಿಂದೆ ಬಾರದಂತೆ ತಡೆಯುತ್ತದೆ. ಇನ್ನೊಂದರಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಸ್ಪ್ರಿಂಗ್ ಒಂದು ತಿರುಪನ್ನು ತಿರುಗಿಸಿ ದಂಡವನ್ನು ಹೊರದೂಡುತ್ತದೆ. ಸಿಲಿಂಡರ್ ಬಹುತೇಕ ಮಲಗಿರುವ ಸಿ.ಡಿ. 100ರಂಥವುಗಳ ವಿನ್ಯಾಸವೇ ಬೇರೆ. ಅಲ್ಲಿ ಸ್ಪ್ರಿಂಗ್ ಕೂರಿಸಿದ ತಳ್ಳುಕಡ್ಡಿ ಎಂಜಿನ್ನಿನ ಒಳಗೇ ಇರುತ್ತದೆ. ಅಂಥ ಬೈಕುಗಳಲ್ಲಿ ಮ್ಯಾನ್ಯುಯಲ್‌ಗೆ ಬದಲಾಯಿಸುವ ಮಾತೇ ಬೇಡ. ಸವೆದ ಭಾಗಗಳನ್ನು ಬದಲಿಸಿದರೆ ಸಾಕು.

ಮ್ಯಾನ್ಯುಯಲ್ ಟೆನ್ಷನರ್ ಎಂದರೆ ಒಂದು ಬೋಲ್ಟ್ ಮತ್ತು ಅದನ್ನು ಕದಲದಂತೆ ಹಿಡಿಯುವ ಲಾಕ್‌ನಟ್. ಇವೆರಡರ ನಡುವಿನದೂ ಒಂದಿದೆ. 1969ರ ಹೋಂಡಾ ಸಿಬಿ 750ರಲ್ಲಿ ಬೋಲ್ಟನ್ನು ಸಡಿಲಿಸಿದರೆ ಸ್ಪ್ರಿಂಗ್ ತಾನೇ ತಕ್ಕಷ್ಟು ಒತ್ತುತ್ತದೆ. ಅಲ್ಲಿಗೆ ಬೋಲ್ಟನ್ನು ಮತ್ತೆ ಬಿಗಿಯಬೇಕು.

ಆಟೊಮ್ಯಾಟಿಕ್‌ನ ದೊಡ್ಡ ಗುಣ, ನೀವು ಮರೆತರೂ ಅದು ಮರೆಯುವುದಿಲ್ಲ. ಆದರೆ ಅದರ ಸ್ಪ್ರಿಂಗ್ ಸೋಲಬಹುದು, ಮುರಿಯಬಹುದು. ಹಲ್ಲು ಸವೆದು ಜಾರಬಹುದು. ಎಣ್ಣೆಯ ಕೊಳೆ ಕಟ್ಟಿ ದಂಡ ಸಿಕ್ಕಿಕೊಳ್ಳಬಹುದು. 1997ರಲ್ಲಿ ಬಂದ ಹೋಂಡಾ ವಿಟಿಆರ್ 1000 ಎಫ್ ಬೈಕಿನ ಅನೇಕ ಮಾಲೀಕರು ಮ್ಯಾನ್ಯುಯಲ್ ಟೆನ್ಷನರ್ ಹಾಕಿಸಿಕೊಂಡದ್ದು ಇಂಥ ಭಯದಿಂದಲೇ. ಮ್ಯಾನ್ಯುಯಲ್‌ನಲ್ಲಿ ಮುರಿಯುವಂಥದ್ದು ಬಹುಮಟ್ಟಿಗೆ ಏನೂ ಇಲ್ಲ. ಆದರೆ ಚೈನ್ ಸವೆದಂತೆಲ್ಲ ನೀವೇ ಗಮನಿಸಬೇಕು.

ಅತಿ ಬಿಗಿಯೂ ಕೆಡುಕು

ಮ್ಯಾನ್ಯುಯಲ್ ಹಾಕಿಸಿದವರು ಸಾಮಾನ್ಯವಾಗಿ ಮಾಡುವ ತಪ್ಪು, ಸದ್ದು ನಿಂತ ಮೇಲೂ ‘ಇನ್ನೊಂದಿಷ್ಟು ಇರಲಿ’ ಎಂದು ಬಿಗಿಯುವುದು. ಇಲ್ಲಿ ಉಷ್ಣದ ಪಾತ್ರವನ್ನು ಗಮನಿಸಿ. ಅಲ್ಯೂಮಿನಿಯಮ್ ಬಿಸಿಯಾದಾಗ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕ್ರ್ಯಾಂಕಿಗೂ ಕ್ಯಾಮಿಗೂ 200 ಮಿ.ಮೀ. ದೂರವಿದ್ದು, ಇಡೀ ಎಂಜಿನ್ ಅಲ್ಯೂಮಿನಿಯಮ್‌ನದ್ದಾಗಿ, ಉಷ್ಣತೆ 100 ಡಿಗ್ರಿ ಏರಿದರೆ, ಈ ದೂರ ಚೈನಿಗಿಂತ ಸುಮಾರು 0.2 ಮಿ.ಮೀ. ಹೆಚ್ಚು ಬೆಳೆಯುತ್ತದೆ. ಚೈನಿಗೆ ಎರಡು ಬದಿಗಳಿರುವುದರಿಂದ ಒಟ್ಟು 0.4 ಮಿ.ಮೀ.ನಷ್ಟು ಬಿಗಿ ಹೆಚ್ಚುತ್ತದೆ. ತಣ್ಣಗಿದ್ದಾಗಲೇ ತಂತಿಯಂತೆ ಬಿಗಿದಿದ್ದರೆ ಬಿಸಿಯಾದಾಗ ಒತ್ತಡ ಎಲ್ಲಿಗೆ ಹೋಗಬೇಕು? ಪಟ್ಟಿಯ ರಬ್ಬರು ಸವೆಯುತ್ತದೆ, ಚೈನ್ ಬೇಗ ಹಾಳಾಗುತ್ತದೆ. ಬೇರಿಂಗ್ ಇಲ್ಲದೆ ಕ್ಯಾಮ್ ನೇರವಾಗಿ ಅಲ್ಯೂಮಿನಿಯಮ್ ತಲೆಯಲ್ಲೇ ತಿರುಗುವ ಎಂಜಿನ್ ಆಗಿದ್ದರೆ ತಲೆಯನ್ನೇ ಬದಲಿಸುವ ಪ್ರಸಂಗ ಬಂದೀತು.

ಆದ್ದರಿಂದ ಬೋಲ್ಟನ್ನು ಬೆರಳುಗಳಿಂದಷ್ಟೇ ತಿರುಗಿಸಿ. ಪಾನಾ ಬೇಕಾಗುವುದು ಲಾಕ್‌ನಟ್ಟಿಗೆ ಮಾತ್ರ. ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಕಾದ ಮೇಲೆ ಒಮ್ಮೆ ಸದ್ದನ್ನು ಕೇಳಿ. ತಣ್ಣಗಿರುವಾಗ ಮೆಲ್ಲನೆ ಸದ್ದಿದ್ದು ಕಾದ ಮೇಲೆ ನಿಂತರೆ ಚಿಂತೆಯಿಲ್ಲ. ಬಿಸಿ ಎಂಜಿನ್‌ನಿಂದ ಕೊರಗುವ ಸದ್ದು ಬಂದರೆ ಬಿಗಿ ಹೆಚ್ಚಾಗಿದೆ ಎಂದರ್ಥ.

ತೆಗೆಯುವಾಗ ಎಚ್ಚರ

ಆಟೊಮ್ಯಾಟಿಕ್ ಟೆನ್ಷನರಿನ ಬೋಲ್ಟುಗಳನ್ನು ‘ಸ್ವಲ್ಪ ಸಡಿಲಿಸಿ ನೋಡೋಣ’ ಎನ್ನಬೇಡಿ. ಸಡಿಲಿಸಿದೊಡನೆ ದಂಡ ಹೊರಕ್ಕೆ ಚಿಮ್ಮುತ್ತದೆ, ಹಿಂದಕ್ಕೆ ಬರುವುದಿಲ್ಲ. ಹಾಗೆಯೇ ಬೋಲ್ಟುಗಳನ್ನು ಮರಳಿ ಬಿಗಿದರೆ ಚೈನಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಪೂರ್ತಿ ತೆಗೆದು, ದಂಡವನ್ನು ಒಳಕ್ಕೆ ಸೇರಿಸಿ, ಆಮೇಲೆ ಕೂರಿಸಬೇಕು. ಕಳಚುವ ಮುನ್ನ ಪಿಸ್ಟನ್ ತುದಿಯಲ್ಲಿದ್ದು ಎರಡೂ ಕವಾಟಗಳು ಮುಚ್ಚಿರುವ ಸ್ಥಿತಿಗೆ ಎಂಜಿನ್ನನ್ನು ತನ್ನಿ. ಟೆನ್ಷನರ್ ಹೊರಗಿರುವಾಗ ಕ್ರ್ಯಾಂಕನ್ನು ತಿರುಗಿಸಬೇಡಿ, ಕಿಕ್ಕರನ್ನು ಮುಟ್ಟಬೇಡಿ.

ಹೊರಬಂದ ಟೆನ್ಷನರನ್ನು ಪರೀಕ್ಷಿಸಿ. ದಂಡವನ್ನು ಬೆರಳಿನಿಂದ ಒತ್ತಿದರೆ ಅದು ಹಿಂದೆ ಸರಿಯಬಾರದು. ಸರಿದರೆ ಟೆನ್ಷನರ್ ಕೆಟ್ಟಿದೆ. ದಂಡ ಬಹುತೇಕ ಕೊನೆಯವರೆಗೂ ಹೊರಬಂದಿದ್ದರೆ ದೋಷ ಟೆನ್ಷನರಿನದಲ್ಲ; ಚೈನ್ ಅಥವಾ ಪಟ್ಟಿ ಮಿತಿಮೀರಿ ಸವೆದಿದೆ. ಆಗ ಯಾವ ಟೆನ್ಷನರ್ ಹಾಕಿದರೂ ಪ್ರಯೋಜನವಿಲ್ಲ. ಎಳೆಯುವ ಬದಿಯೂ ಉದ್ದವಾಗಿರುವುದರಿಂದ ಕ್ಯಾಮ್ ಹಿಂದೆ ಬಿದ್ದಿರುತ್ತದೆ. ಟೆನ್ಷನರ್ ಸಡಿಲವನ್ನು ನುಂಗಬಲ್ಲದೇ ಹೊರತು ಕವಾಟಗಳ ವೇಳೆಯನ್ನು ಸರಿಪಡಿಸಲಾರದು.

ನಿಮಗೆ ಯಾವುದು?

ದಿನವೂ ಕೆಲಸಕ್ಕೆ ಓಡಿಸುವ ಬೈಕು, ಸರ್ವೀಸ್ ಬೇರೆಯವರ ಕೈಯಲ್ಲಿ, ಅಸಲಿ ಬಿಡಿಭಾಗ ಸಿಗುತ್ತದೆ ಎಂದಾದರೆ ಆಟೊಮ್ಯಾಟಿಕ್ ಟೆನ್ಷನರೇ ತಕ್ಕದ್ದು. ಹಳೆಯದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದನ್ನು ಹಾಕಿಸಿ, ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿ. ನಿಮ್ಮ ಮಾದರಿಯ ಅಸಲಿ ಟೆನ್ಷನರ್ ಸಿಗುವುದಿಲ್ಲ, ಅಥವಾ ಪದೇ ಪದೇ ಕೆಡುತ್ತದೆ, ನಿಮಗೆ ಎಂಜಿನ್ನಿನ ಸದ್ದಿನ ಪರಿಚಯವಿದೆ, ಎಣ್ಣೆ ಬದಲಿಸುವಾಗಲೆಲ್ಲ ಹತ್ತು ನಿಮಿಷ ಕೊಡಬಲ್ಲಿರಿ ಎಂದಾದರೆ ಮ್ಯಾನ್ಯುಯಲ್ ಹಾಕಿಸಬಹುದು. ಮಾರಬೇಕೆಂದಿರುವ ಅಥವಾ ಮನೆಯವರೆಲ್ಲ ಓಡಿಸುವ ಬೈಕಿಗೆ ಮಾತ್ರ ಅದು ಬೇಡ. ಅಲ್ಲೊಂದು ತಿರುಪಿದೆ, ಅದನ್ನು ನೋಡಿಕೊಳ್ಳಬೇಕು ಎಂಬುದು ಮುಂದಿನವರಿಗೆ ಗೊತ್ತಿರುವುದಿಲ್ಲ.