ಓಡುವ ನಾಯಿ, ಬೆವರದ ಮೈ

ಪ್ರಾಣಿದಯೆಯ ಕೆಲಸಕ್ಕೆ ಹಣ ಕೂಡಿಸಲು ಓಟದ ಸ್ಪರ್ಧೆಗಳಲ್ಲಿ ಪಾಲ್ಗೊಳ್ಳುವ ಪದ್ಧತಿ ಇಂದು ಹಲವು ದೇಶಗಳಲ್ಲಿ ಬೇರೂರಿದೆ. 1860ರಲ್ಲಿ ಲಂಡನ್ನಿನಲ್ಲಿ ಆರಂಭವಾಗಿ 1871ರಲ್ಲಿ ಬ್ಯಾಟರ್‌ಸೀಗೆ ನೆಲೆ ಬದಲಿಸಿದ ಪ್ರಸಿದ್ಧ ನಾಯಿಗಳ ಆಶ್ರಯತಾಣವಾಗಲಿ, 1991ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’ ಸಂಸ್ಥೆಯಾಗಲಿ ಬೆಳೆದು ಬಂದಿರುವುದಕ್ಕೆ ಜನರ ದೇಣಿಗೆ ದೊಡ್ಡ ಆಸರೆಯಾಗಿದೆ. ಇಂಥ ತಾಣಗಳಿಂದ ದತ್ತು ಪಡೆದ ನಾಯಿಯನ್ನೇ ಜೊತೆಗಿಟ್ಟುಕೊಂಡು ಓಡುವವರೂ ಇದ್ದಾರೆ. ನಾಯಿಯನ್ನು ಓಟಗಾರನ ಸೊಂಟಪಟ್ಟಿಗೆ ಎಳೆಯುವ ಹಗ್ಗದಿಂದ ಜೋಡಿಸಿ ಓಡುವ ‘ಕ್ಯಾನಿಕ್ರಾಸ್’ ಎಂಬ ಕ್ರೀಡೆ, ಹಿಮವಿಲ್ಲದ ತಿಂಗಳುಗಳಲ್ಲಿ ಜಾರುಬಂಡಿಯ ನಾಯಿಗಳಿಗೆ ಕೊಡುತ್ತಿದ್ದ ತರಬೇತಿಯಿಂದ ಯುರೋಪಿನಲ್ಲಿ ರೂಪುಗೊಂಡಿತು. ಆದರೆ ಒಂದೇ ಹಗ್ಗದ ಎರಡು ತುದಿಗಳಲ್ಲಿರುವ ಈ ಎರಡು ದೇಹಗಳು ಓಡುವ ಬಗೆಯಲ್ಲೂ ಶಾಖವನ್ನು ಕಳೆದುಕೊಳ್ಳುವ ಬಗೆಯಲ್ಲೂ ಪೂರ್ತಿ ಬೇರೆಯಾಗಿವೆ, ಮತ್ತು ಆ ವ್ಯತ್ಯಾಸವನ್ನು ತಿಳಿಯದ ಓಟ ನಾಯಿಗೆ ಅಪಾಯಕಾರಿಯಾಗಬಲ್ಲದು.

ಓಟದ ಮಟ್ಟಿಗೆ ನಾಯಿಯ ರಚನೆ ಮನುಷ್ಯನದಕ್ಕಿಂತ ಬಹಳ ಮುಂದಿದೆ. ನಾಯಿ ಅಂಗಾಲನ್ನು ಪೂರ್ತಿ ಊರದೆ ಬೆರಳುಗಳ ಮೇಲೆಯೇ ನಡೆಯುವುದರಿಂದ ಕಾಲು ಉದ್ದವಾಗಿ ಹೆಜ್ಜೆ ಹಗುರಾಗುತ್ತದೆ. ಮನುಷ್ಯನಲ್ಲಿ ಭುಜವನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬು ನಾಯಿಯಲ್ಲಿ ಹೆಸರಿಗಷ್ಟೇ ಉಳಿದಿದ್ದು, ಮುಂಗಾಲುಗಳು ಸ್ನಾಯುಗಳಿಂದ ಮಾತ್ರ ಮುಂಡಕ್ಕೆ ಅಂಟಿಕೊಂಡಿರುವುದರಿಂದ ಹೆಗಲಿನ ಹಲಗೆಮೂಳೆ ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಜಾರಿ ಹೆಜ್ಜೆಯ ಚಾಚು ಹೆಚ್ಚುತ್ತದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಗ್ರೇಹೌಂಡ್, ಕರ್ನಾಟಕದ ಮುಧೋಳ ಮುಂತಾದ ತಳಿಗಳು ನಾಗಾಲೋಟದಲ್ಲಿ ಬೆನ್ನುಮೂಳೆಯನ್ನು ಬಿಲ್ಲಿನಂತೆ ಬಗ್ಗಿಸಿ ಮತ್ತೆ ಚಾಚುತ್ತವೆ. ನಾಲ್ಕೂ ಕಾಲುಗಳು ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಪೂರ್ತಿ ಚಾಚಿದಾಗ ಇನ್ನೊಮ್ಮೆ, ಹೀಗೆ ಒಂದೇ ಆವರ್ತನದಲ್ಲಿ ಎರಡು ಸಲ ದೇಹ ನೆಲವನ್ನು ಬಿಟ್ಟು ಗಾಳಿಯಲ್ಲಿರುತ್ತದೆ. ಓಟ ಆರಂಭವಾದೊಡನೆ ಕೆಂಪು ರಕ್ತಕಣಗಳ ಉಗ್ರಾಣವಾದ ಗುಲ್ಮವು ಸಂಕುಚಿಸಿ ತನ್ನ ಸಂಗ್ರಹವನ್ನು ರಕ್ತಪ್ರವಾಹಕ್ಕೆ ಬಿಡುವುದರಿಂದ ಆಮ್ಲಜನಕವನ್ನು ಹೊರುವ ಶಕ್ತಿಯೂ ಏರುತ್ತದೆ.

ಇಷ್ಟೆಲ್ಲ ಸಾಮರ್ಥ್ಯವಿರುವ ದೇಹದ ಕೊರತೆ ಇರುವುದು ಶಾಖದ ವಿಲೇವಾರಿಯಲ್ಲಿ. ದುಡಿಯುವ ಸ್ನಾಯು ಬಳಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಚಲನೆಯಾಗದೆ ಶಾಖವಾಗಿ ಬಿಡುಗಡೆಯಾಗುತ್ತದೆ. ಮನುಷ್ಯನ ಮೈತುಂಬ ಹರಡಿರುವ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೆವರು ಗ್ರಂಥಿಗಳು ಆ ಶಾಖವನ್ನು ಚರ್ಮದ ಮೂಲಕ ಹೊರಹಾಕುತ್ತವೆ. ನಾಯಿಯಲ್ಲಾದರೋ ಅಂಥ ಗ್ರಂಥಿಗಳು ಬಹುಮಟ್ಟಿಗೆ ಪಾದದ ಮೆತ್ತೆಗಳಲ್ಲಿ ಮಾತ್ರ ಇದ್ದು, ಮೈಯನ್ನು ತಂಪಾಗಿಸುವಲ್ಲಿ ಅವುಗಳ ಪಾತ್ರ ತೀರ ಚಿಕ್ಕದು. ಆದ್ದರಿಂದ ನಾಯಿ ತೇಕುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 15ರಿಂದ 30ರಷ್ಟಿರುವ ಉಸಿರಾಟ ತೇಕುವಾಗ 300ರ ಆಸುಪಾಸಿಗೆ ಏರುತ್ತದೆ. ಗಾಳಿ ಬಹುಪಾಲು ಮೂಗಿನಿಂದ ಒಳಹೊಕ್ಕು, ಅಲ್ಲಿನ ಒದ್ದೆ ಪದರದ ಮೇಲೆ ಹಾದು, ನಾಲಿಗೆ ಹೊರಚಾಚಿದ ಬಾಯಿಂದ ಹೊರಬರುತ್ತದೆ, ಮತ್ತು ಆ ದಾರಿಯಲ್ಲಿ ಆವಿಯಾಗುವ ನೀರು ರಕ್ತದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಇಷ್ಟು ವೇಗದ ಉಸಿರಾಟವೇ ಆಯಾಸ ತರದಿರುವುದಕ್ಕೆ ಕಾರಣ, ಅದರ ಲಯ ಎದೆಗೂಡಿನ ಸಹಜ ಕಂಪನದ ಲಯಕ್ಕೆ ಹೊಂದಿಕೊಂಡಿರುವುದು. ತೂಗುಯ್ಯಾಲೆಯನ್ನು ಅದರ ಲಯ ಹಿಡಿದು ತಳ್ಳಿದರೆ ಅಲ್ಪ ಬಲವೇ ಸಾಕಾಗುವಂತೆ ಇಲ್ಲಿಯೂ ಸ್ನಾಯುಗಳ ಶ್ರಮ ಉಳಿಯುತ್ತದೆ.

ಈ ಏರ್ಪಾಡು ನಿಂತಿರುವುದು ನೀರು ಆವಿಯಾಗುವುದರ ಮೇಲೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿಯಾಗುವಿಕೆ ಕುಗ್ಗುವುದರಿಂದ, ಕರಾವಳಿಯ ಸೆಕೆಯ ಸಂಜೆ ಬಿಸಿಲಿಲ್ಲದಿದ್ದರೂ ಓಡುವ ನಾಯಿಗೆ ಕಠಿಣವಾಗಬಹುದು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮುಖದ ತಳಿಗಳಲ್ಲಿ ಉಸಿರಿನ ದಾರಿಯೇ ಇಕ್ಕಟ್ಟಾಗಿರುವುದರಿಂದ ಅವುಗಳನ್ನು ದೂರದ ಓಟಕ್ಕೆ ಒಯ್ಯಲೇಬಾರದು. ನಾಯಿಯ ಸಹಜ ದೇಹತಾಪ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್; ಅದು 41ನ್ನು ದಾಟಿ ಇಳಿಯದೆ ನಿಂತರೆ ಶಾಖಾಘಾತವಾಗಿ ಮಿದುಳು, ಮೂತ್ರಪಿಂಡ ಮೊದಲಾದ ಅಂಗಗಳಿಗೆ ಪೆಟ್ಟು ಬೀಳುತ್ತದೆ. ಅಂಥ ನಾಯಿಯ ಮೈಗೆ ಮೊದಲು ನೀರು ಹಾಕಿ ಗಾಳಿ ಬೀಸಿ ತಂಪು ಮಾಡಿ, ಅನಂತರ ಪಶುವೈದ್ಯರ ಬಳಿಗೆ ಒಯ್ಯಬೇಕು.

ನಾಯಿ ದಣಿದಾಗ ತಾನಾಗಿ ನಿಲ್ಲುವುದೆಂಬ ನಂಬಿಕೆಯೂ ಸರಿಯಲ್ಲ. 2012ರಲ್ಲಿ ಡೇವಿಡ್ ರೈಕ್ಲೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಓಟದ ಬಳಿಕ ಮನುಷ್ಯರಲ್ಲಿಯೂ ನಾಯಿಗಳಲ್ಲಿಯೂ ಆನಂದಮೈಡ್ ಎಂಬ ಹಿತಾನುಭವಕ್ಕೆ ಸಂಬಂಧಿಸಿದ ರಾಸಾಯನಿಕದ ಮಟ್ಟ ಏರಿತು, ಓಟಕ್ಕೆ ಒಗ್ಗದ ಫೆರೆಟ್ ಎಂಬ ಚಿಕ್ಕ ಪ್ರಾಣಿಯಲ್ಲಿ ಏರಲಿಲ್ಲ. ಸಂಸ್ಕೃತದ ‘ಆನಂದ’ದಿಂದಲೇ ಹೆಸರು ಪಡೆದ ಈ ರಾಸಾಯನಿಕದ ಹಿತಕ್ಕೆ ಒಡೆಯನ ಜೊತೆ ಬಿಡಲೊಲ್ಲದ ಸ್ವಭಾವವೂ ಸೇರಿದಾಗ, ಎಷ್ಟೋ ನಾಯಿಗಳು ಶಕ್ತಿ ಮೀರಿದ ಮೇಲೂ ಓಡುತ್ತಲೇ ಇರುತ್ತವೆ.

ಆಶ್ರಯತಾಣದಿಂದ ಬಂದ ನಾಯಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು, ಏಕೆಂದರೆ ಅದರ ವಯಸ್ಸು, ಹಳೆಯ ಗಾಯ, ರೋಗಗಳ ಚರಿತ್ರೆ ಎಷ್ಟೋ ಸಲ ಯಾರಿಗೂ ಗೊತ್ತಿರುವುದಿಲ್ಲ. ಸೊಳ್ಳೆಯಿಂದ ಹರಡುವ ಹೃದಯದ ಹುಳು ಶ್ವಾಸಕೋಶದ ರಕ್ತನಾಳಗಳಲ್ಲಿ ನೆಲೆಸಿರುವ ನಾಯಿಗೆ ಓಟವೇ ಮಾರಕವಾಗಬಹುದಾದ್ದರಿಂದ ವೈದ್ಯ ಪರೀಕ್ಷೆ ಮೊದಲ ಹೆಜ್ಜೆಯಾಗಬೇಕು. ಮೂಳೆಯ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದು ಭಾಗ ಗಟ್ಟಿಯಾಗುವವರೆಗೆ, ಅಂದರೆ ತಳಿಗೆ ತಕ್ಕಂತೆ ಸುಮಾರು ಒಂದರಿಂದ ಒಂದೂವರೆ ವರ್ಷದವರೆಗೆ, ದೂರದ ಓಟ ಸಲ್ಲದು. ಕುತ್ತಿಗೆಯ ಪಟ್ಟಿ ಉಸಿರುನಾಳವನ್ನು ಒತ್ತುವುದರಿಂದ ಎಳೆತವನ್ನು ಎದೆಯ ಮೇಲೆ ಹಂಚುವ ಹಾರ್ನೆಸ್ ಬಳಸಬೇಕು. ಅಂಗೈಯ ಹಿಂಬದಿಯನ್ನು ಕೆಲವು ಕ್ಷಣ ಊರಲಾಗದಷ್ಟು ಕಾದ ಡಾಂಬರಿನ ಮೇಲೆ ನಾಯಿಯನ್ನು ಓಡಿಸಬಾರದು.

ದೇಣಿಗೆಯ ಓಟ ಯಾವ ಪ್ರಾಣಿಗಳ ಹೆಸರಿನಲ್ಲಿ ನಡೆಯುತ್ತದೆಯೋ ಆ ಪ್ರಾಣಿಗಳಲ್ಲಿ ಮೊದಲನೆಯದು ಹಗ್ಗದ ಇನ್ನೊಂದು ತುದಿಯಲ್ಲಿಯೇ ಇರುತ್ತದೆ. ಓಡುವುದನ್ನು ನಾಯಿಗೆ ಯಾರೂ ಕಲಿಸಬೇಕಾಗಿಲ್ಲ; ಎಲ್ಲಿ ನಿಲ್ಲಬೇಕೆಂಬ ತೀರ್ಮಾನವನ್ನು ಮಾತ್ರ ಮನುಷ್ಯನೇ ಮಾಡಬೇಕು.