ಅಗ್ನಿಶಿಲೆಯ ಸೋಪಾನಗಳು

ಜ್ವಾಲಾಮುಖಿಯೆಂದೊಡನೆ ನಮ್ಮ ಮನಸ್ಸು ದೂರದ ಜಾವಾ, ಹವಾಯಿ ದ್ವೀಪಗಳತ್ತ ಹಾರುವುದಾದರೂ, ಬೆನ್ನಿಗೆ ಬುತ್ತಿಯ ಚೀಲ ಹೊತ್ತು ಹೆಂಡಿರು ಮಕ್ಕಳೊಡನೆ ನಾಸಿಕದ ಬಳಿಯ ಬ್ರಹ್ಮಗಿರಿಯನ್ನೇರುವವರು, ತಾವು ತುಳಿಯುತ್ತಿರುವ ಕರಿಕಲ್ಲು ಒಂದು ಕಾಲಕ್ಕೆ ಕುದಿಯುವ ಶಿಲಾರಸವಾಗಿದ್ದಿತೆಂಬುದನ್ನು ನೆನೆಯಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೇ ಬಿರುಕುಬಿಟ್ಟು, ಲಾವಾರಸವು ತೆರೆತೆರೆಯಾಗಿ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ಹಬ್ಬಿರುವ ಈ ಶಿಲಾಸ್ತರಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು. ಟ್ರ್ಯಾಪ್ ಎಂಬುದು ಮೆಟ್ಟಿಲೆಂಬರ್ಥದ ಸ್ವೀಡಿಷ್ ಮಾತಿನಿಂದ ಬಂದುದು. ಬೆಟ್ಟದ ಓರೆಯನ್ನು ದೂರದಿಂದ ನೋಡಿದವರಿಗೆ ಆ ಹೆಸರಿನ ಔಚಿತ್ಯ ತಾನೇ ಹೊಳೆಯುವುದು.

ದಾರಿಬದಿಯ ಕಲ್ಲೊಂದನ್ನು ಮಗುವಿನ ಅಂಗೈಯಲ್ಲಿಟ್ಟು ನೋಡಿರಿ: ಮೈತುಂಬ ಸಣ್ಣ ಸಣ್ಣ ಕುಳಿಗಳು, ಕೆಲವುಗಳಲ್ಲಿ ಸಕ್ಕರೆಯ ಹರಳಿನಂಥ ಬಿಳುಪು. ಲಾವಾದೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳೇ ಆ ಕುಳಿಗಳು. ತರುವಾಯ ಜಿನುಗಿದ ಖನಿಜಜಲವು ಅಲ್ಲಿ ಜಿಯೊಲೈಟ್ ಹರಳುಗಳನ್ನು ಕಟ್ಟಿತು. ಗೋದಾವರಿಯು ಉದ್ಭವಿಸುವುದೂ ಈ ಗಿರಿಯಲ್ಲಿಯೇ.

ಅಲ್ಲಿಂದ ಪೂರ್ವಕ್ಕೆ ಪಯಣಿಸಿ ಛತ್ರಪತಿ ಸಂಭಾಜಿನಗರವನ್ನು ಸೇರಿದರೆ, ಪ್ರಕೃತಿ ಸುರಿದ ಶಿಲೆಯನ್ನು ಮನುಷ್ಯನು ಕೊರೆದ ಕಥೆ ಎದುರಾಗುವುದು. ಎಲ್ಲೋರದ 34 ಗುಹೆಗಳ ಪೈಕಿ 16ನೆಯದಾದ ಕೈಲಾಸ ದೇಗುಲವು, ಎಂಟನೆಯ ಶತಮಾನದಲ್ಲಿ ಕನ್ನಡದೊರೆ ರಾಷ್ಟ್ರಕೂಟ ಒಂದನೆಯ ಕೃಷ್ಣನ ಆಳ್ವಿಕೆಯಲ್ಲಿ, ಮೇಲಿನಿಂದ ಕೆಳಕ್ಕೆ ಕಡೆಯಲ್ಪಟ್ಟುದು. ಮಳೆಗಾಲದಲ್ಲಿ ಈ ಕಲ್ಲು ಬಲು ಜಾರುವುದರಿಂದ, ಕಿರಿಯರೊಡನೆ ಹೊರಡುವವರಿಗೆ ಚಳಿಗಾಲವೇ ಪ್ರಶಸ್ತ.